ದೋಸೆ ರೇಟು, ಬಡ್ಡಿ ರೇಟು: ರಿಸರ್ವ್ ಬ್ಯಾಂಕ್ ನಮ್ಮ ಮನೆ ಲೆಕ್ಕ ಕೇಳಿದ ಕಥೆ

ಟೀವಿಯಲ್ಲಿ 'ಹಣದುಬ್ಬರ ಇಳಿಕೆ' ಅಂತ ಬಂದ ಕೂಡಲೇ ನಮ್ಮಮ್ಮ ಕೇಳೋದು ಒಂದೇ ಮಾತು: "ಯಾವ ಊರಲ್ಲಂತೆ?" ನಾನು ಮೊದಲು ನಗ್ತಿದ್ದೆ. ಆಮೇಲೆ ಗೊತ್ತಾಯ್ತು, ಸ್ವತಃ ರಿಸರ್ವ್ ಬ್ಯಾಂಕ್ ಕೂಡ ಒಮ್ಮೆ ಇದೇ ಪ್ರಶ್ನೆಗೆ ಉತ್ತರ ಹುಡುಕಬೇಕಾಯ್ತು ಅಂತ.

2013ಕ್ಕೆ ಹೋಗೋಣ. ಆಗ ನಮ್ಮಲ್ಲಿ ಹೆಚ್ಚು ಚರ್ಚೆ ಆಗ್ತಿದ್ದದ್ದು ಸಗಟು ಬೆಲೆ ಸೂಚ್ಯಂಕ. ಅದರಲ್ಲಿ ಮನೆ ಬಾಡಿಗೆ ಇಲ್ಲ, ಸ್ಕೂಲ್ ಫೀಸ್ ಇಲ್ಲ, ಡಾಕ್ಟರ್ ಫೀಸ್ ಇಲ್ಲ. ಆ ವರ್ಷದ ನವೆಂಬರ್‌ನಲ್ಲಿ ಸಗಟು ಹಣದುಬ್ಬರ ಸುಮಾರು 7.5%. ಜನ ಅಂಗಡಿಯಲ್ಲಿ ಕೊಡುವ ಬೆಲೆ ಅಳೆಯುವ ಗ್ರಾಹಕ ಸೂಚ್ಯಂಕದಲ್ಲಿ? 11% ದಾಟಿತ್ತು. ದೇಶ ಒಂದೇ, ತಿಂಗಳು ಒಂದೇ, ಲೆಕ್ಕ ಮಾತ್ರ ಎರಡು.

ಇದಲ್ಲದೆ ಮೂರನೇ ಲೆಕ್ಕವೂ ಒಂದಿತ್ತು. 2005ರಿಂದ ರಿಸರ್ವ್ ಬ್ಯಾಂಕ್ ನಗರಗಳ ಮನೆಗಳಿಗೆ ಹೋಗಿ ಕೇಳ್ತಾ ಬಂದಿದೆ: ಈಗ ಬೆಲೆ ಎಷ್ಟು ಏರ್ತಿದೆ ಅನ್ನಿಸುತ್ತೆ? ಮೂರು ತಿಂಗಳಿಗೆ? ಒಂದು ವರ್ಷಕ್ಕೆ? ಬೆಂಗಳೂರೂ ಆ ಪಟ್ಟಿಯಲ್ಲಿದೆ. 2013ರಲ್ಲಿ ಜನ ಹೇಳಿದ್ದು ಎರಡಂಕಿ.

'ಅನ್ನಿಸಿಕೆ ತಾನೇ, ಬಿಡಿ' ಅನ್ನೋ ಹಾಗಿಲ್ಲ. ಬೆಲೆ ಏರುತ್ತೆ ಅಂತ ನಂಬಿದವರು ಸಂಬಳ ಜಾಸ್ತಿ ಕೇಳ್ತಾರೆ, ಹೋಟೆಲ್‌ನವರು ಮೊದಲೇ ರೇಟು ಏರಿಸ್ತಾರೆ, ಬ್ಯಾಂಕಲ್ಲಿ ದುಡ್ಡು ಕರಗುತ್ತೆ ಅಂತ ಚಿನ್ನ ಕೊಳ್ತಾರೆ. ನಂಬಿಕೆಯೇ ಬೆಲೆಯನ್ನ ಮೇಲಕ್ಕೆ ತಳ್ಳುತ್ತೆ.

2013ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಆದ ರಘುರಾಮ್ ರಾಜನ್, ಊರ್ಜಿತ್ ಪಟೇಲ್ ನೇತೃತ್ವದಲ್ಲಿ ಸಮಿತಿ ಮಾಡಿದ್ರು. 2014ರ ಜನವರಿಯಲ್ಲಿ ವರದಿ ಬಂತು: ಜನರ ನಿರೀಕ್ಷೆಯನ್ನ ರೂಪಿಸೋದು ಊಟ, ಇಂಧನದ ಬೆಲೆ, ಹಾಗಾಗಿ ಗ್ರಾಹಕ ಸೂಚ್ಯಂಕವನ್ನೇ ಹಿಡಿಯಿರಿ, ಗುರಿ 4% ಇಡಿ. ಅದೇ ತಿಂಗಳು ರೆಪೊ ದರ 8%ಕ್ಕೆ ಏರಿತು. 2016ರಲ್ಲಿ ಕಾನೂನೇ ಬದಲಾಯ್ತು. ಗುರಿ 4%, ಎರಡು ಕಡೆಗೂ 2% ಸಡಿಲ. ಬಡ್ಡಿ ನಿರ್ಧಾರಕ್ಕೆ ಆರು ಜನರ ಸಮಿತಿ.

ಬಡ್ಡಿ ಇಳಿದಾಗ ಪಿಂಚಣಿದಾರರು ಬೇಜಾರಾದ್ರು. 2016ರ ಒಂದು ಉಪನ್ಯಾಸದಲ್ಲಿ ರಾಜನ್ ದೋಸೆ ಲೆಕ್ಕ ಹೇಳಿದ್ರು. ನಿಮ್ಮ ಹತ್ತಿರ ಒಂದು ಲಕ್ಷ ಇದೆ, ದೋಸೆಗೆ 50 ರೂಪಾಯಿ ಅಂದ್ರೆ 2000 ದೋಸೆ. ಬಡ್ಡಿ 10%, ಹಣದುಬ್ಬರವೂ 10% ಇದ್ರೆ, ವರ್ಷದ ಕೊನೆಗೆ ಒಟ್ಟು ಹಣಕ್ಕೆ ಮತ್ತೆ ಅದೇ 2000. ಬಡ್ಡಿ 8%, ಹಣದುಬ್ಬರ 5.5% ಆದ್ರೆ? ಸುಮಾರು 2047 ದೋಸೆ. ಬಡ್ಡಿ ಕಮ್ಮಿ, ದೋಸೆ ಜಾಸ್ತಿ!

ಆದ್ರೆ ಕಥೆ ಇಲ್ಲಿಗೇ ಮುಗಿಯಲ್ಲ. 2022ರಲ್ಲಿ ಸತತ ಮೂರು ತ್ರೈಮಾಸಿಕ ಸರಾಸರಿ ಹಣದುಬ್ಬರ 6% ಮೀರಿತು. ಕಾನೂನಿನ ಪ್ರಕಾರ ರಿಸರ್ವ್ ಬ್ಯಾಂಕ್ ಕಾರಣ ವಿವರಿಸಿ ಸರ್ಕಾರಕ್ಕೆ ಪತ್ರ ಬರೆಯಬೇಕಾಯ್ತು. ಬರೆಯಿತು ಕೂಡ. ಆದರೆ ಆ ಪತ್ರವನ್ನ ಆಗ ಜನರ ಮುಂದೆ ಇಡಲಿಲ್ಲ.

ನನಗೆ ಕಾಡೋದು ಇದೇ. ಬೆಲೆ ಬಗ್ಗೆ ಜನ ಏನು ನಂಬ್ತಾರೆ ಅನ್ನೋದು ಅಷ್ಟು ಮುಖ್ಯ ಅಂತ ಮನೆಮನೆಗೆ ಹೋಗಿ ಕೇಳೋ ಸಂಸ್ಥೆ, ತಾನು ಎಲ್ಲಿ ಎಡವಿದೆ ಅನ್ನೋದನ್ನೂ ಅದೇ ಜನಕ್ಕೆ ಹೇಳಬೇಕಲ್ವಾ? ಮುಂದಿನ ಸಲ ನಿಮ್ಮ ಇಎಂಐ ಬದಲಾದಾಗ, ಆ ಸಮೀಕ್ಷೆಯಲ್ಲಿ ಜನ ಏನಂದ್ರು ಅಂತ ಒಮ್ಮೆ ನೋಡಿ. ಅಮ್ಮನ ಪ್ರಶ್ನೆ ಅಲ್ಲಿ ಇದ್ದೇ ಇರುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.