ಅಶ್ವಗಂಧ ಮತ್ತು ಒತ್ತಡದ ಹಾರ್ಮೋನು: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಹಿರೇಮದ್ದಿನ ಗಿಡವೆಂದೂ ಕರೆಯಲಾಗುವ ಅಶ್ವಗಂಧದ ಬೇರು ಮಾನಸಿಕ ಒತ್ತಡವನ್ನು ನಿಜವಾಗಿಯೂ ತಗ್ಗಿಸುತ್ತದೆಯೇ? ಬೇರಿನೊಂದಿಗೆ ಎಲೆಯನ್ನೂ ಮಾರಬಹುದೇ? ಈ ಬೆಳೆಗೆ ಕೈಹಾಕುವ ರೈತ ಬಾಂಧವರು ಎರಡಕ್ಕೂ ಉತ್ತರ ತಿಳಿದಿರುವುದು ಅವಶ್ಯ.

ಒತ್ತಡ ಉಂಟಾದಾಗ ಮೆದುಳಿನ ತಳಭಾಗದ ಪಿಟ್ಯುಟರಿ ಗ್ರಂಥಿಯ ಸೂಚನೆಯಂತೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಇದು ದೇಹಕ್ಕೆ ಬೇಡವಾದ ವಸ್ತುವಲ್ಲ. ರಕ್ತದ ಸಕ್ಕರೆ ಹಾಗೂ ರಕ್ತದೊತ್ತಡವನ್ನು ಕಾಯುವಲ್ಲಿ ಇದರ ಪಾತ್ರ ದೊಡ್ಡದು. ಬೆಳಗ್ಗೆ ಏರಿ ರಾತ್ರಿ ಇಳಿಯುವುದು ಇದರ ಸಹಜ ಲಯ. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಆ ಲಯ ಕೆಡಬಹುದು.

2012ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, ದೀರ್ಘಕಾಲದ ಒತ್ತಡವಿದ್ದ 64 ವಯಸ್ಕರ ಪೈಕಿ ಒಂದು ಗುಂಪಿಗೆ 300 ಮಿ.ಗ್ರಾಂ. ಬೇರಿನ ಸಾರವನ್ನು ದಿನಕ್ಕೆ ಎರಡು ಬಾರಿಯಂತೆ 60 ದಿನ ನೀಡಲಾಯಿತು. ಅವರ ರಕ್ತದ ಕಾರ್ಟಿಸಾಲ್ ಸುಮಾರು ಶೇ. 28ರಷ್ಟು ಇಳಿಯಿತು, ಔಷಧಾಂಶವಿಲ್ಲದ ಗುಳಿಗೆ ಪಡೆದವರಲ್ಲಿ ಇಳಿಕೆ ಶೇ. 8ರಷ್ಟು. ನಂತರದ ಹಲವು ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆಯಾದರೂ ಅವುಗಳಲ್ಲಿ ಹೆಚ್ಚಿನವು ಸಣ್ಣವು, ಅಲ್ಪಾವಧಿಯವು. ಅಲ್ಲದೆ, ಅಲ್ಲಿ ಬಳಸಿದ್ದು ವಿತನೊಲೈಡ್ ಅಂಶವನ್ನು ನಿಗದಿಪಡಿಸಿದ ಸಾರ. ಮನೆಯಲ್ಲಿ ಕುಟ್ಟಿದ ಪುಡಿಗೆ ಅದೇ ಫಲಿತಾಂಶವನ್ನು ಅನ್ವಯಿಸುವುದು ಸರಿಯಲ್ಲ.

ಗರ್ಭಿಣಿಯರು ಇದನ್ನು ಸೇವಿಸಬಾರದು. ಥೈರಾಯ್ಡ್, ಸಕ್ಕರೆ ಕಾಯಿಲೆ ಅಥವಾ ನಿದ್ರೆಯ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಬಳಸಬಾರದು. ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಕಣ್ಣು ಹಳದಿಯಾದರೆ ಅಥವಾ ಮೂತ್ರದ ಬಣ್ಣ ಗಾಢವಾದರೆ ಸೇವನೆಯನ್ನು ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಸಾಲ, ಬೆಳೆನಷ್ಟದ ಚಿಂತೆಯಿಂದ ವಾರಗಟ್ಟಲೆ ನಿದ್ರೆ ಬಾರದಿರುವವರಿಗೆ ಬೇರಿನ ಪುಡಿಯೊಂದನ್ನೇ ಸೂಚಿಸಿ ಕಳುಹಿಸಬಾರದೆಂದು ವಿಸ್ತರಣಾ ಕಾರ್ಯಕರ್ತರಲ್ಲಿ ವಿಶೇಷವಾಗಿ ಕೋರುತ್ತೇವೆ. ಅಂಥವರಿಗೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಅನ್ನು ತಿಳಿಸಿ. ಸಾಧ್ಯವಾದರೆ ತಾವೇ ಜೊತೆಗಿದ್ದು ಕರೆ ಮಾಡಿಸಿ.

ಇನ್ನು ಎಲೆಯ ವಿಷಯ. ಆಯುರ್ವೇದದಲ್ಲಿ ಬಳಕೆಯಿರುವುದು ಮುಖ್ಯವಾಗಿ ಒಣಗಿದ ಬೇರಿಗೆ. ಎಲೆಯಲ್ಲಿ ಜೀವಕೋಶಗಳಿಗೆ ಹಾನಿಕರವಾಗಬಲ್ಲ ವಿತಫೆರಿನ್-ಎ ಅಂಶ ಹೆಚ್ಚು. ಎಲೆಯನ್ನು ಬಳಸದಂತೆ ಆಯುಷ್ ಸಚಿವಾಲಯವು 2021ರಲ್ಲಿ ತಯಾರಕರಿಗೆ ಸೂಚಿಸಿದೆ. ತೂಕ ಹೆಚ್ಚಿಸಲು ಎಲೆ, ಕಾಂಡದ ತುಂಡು ಬೆರೆಸಿದ ಸರಕು ಪ್ರಯೋಗಾಲಯದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ; ಇಡೀ ಲೋಡು ಹಿಂದಿರುಗಿದರೆ ಸಾಗಾಣಿಕೆ ವೆಚ್ಚವೂ ಬೆಳೆಗಾರನ ತಲೆಯ ಮೇಲೆಯೇ.

ನೀರು ಬಸಿದುಹೋಗುವ ಮರಳುಮಿಶ್ರಿತ ಗೋಡು ಅಥವಾ ಹಗುರವಾದ ಕೆಂಪು ಮಣ್ಣು ಈ ಬೆಳೆಗೆ ಸೂಕ್ತ. ಬಿತ್ತಿದ 150ರಿಂದ 180 ದಿನಗಳಲ್ಲಿ ಎಲೆಗಳು ಒಣಗತೊಡಗಿ ಹಣ್ಣು ಕೆಂಪಾದಾಗ ಗಿಡವನ್ನು ಬೇರುಸಹಿತ ಕೀಳಬೇಕು. ಬೇರನ್ನು ಕಾಂಡದಿಂದ ಬೇರ್ಪಡಿಸಿ, ಮಣ್ಣು ತೆಗೆದು, 7ರಿಂದ 10 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ಚೆನ್ನಾಗಿ ಒಣಗಿಸಿರಿ. ದಪ್ಪವಾದ, ಒಳಗೆ ಬಿಳಿಯಾಗಿರುವ, ಮುರಿದರೆ ಪಟಕ್ಕನೆ ತುಂಡಾಗುವ ಬೇರಿಗೆ ಹೆಚ್ಚಿನ ದರ ದೊರೆಯುವುದರಿಂದ, ತೆಳು ಬೇರುಗಳನ್ನು ಪ್ರತ್ಯೇಕ ಚೀಲದಲ್ಲಿ ತುಂಬುವುದು ಲಾಭಕರ.