ಮರಣವಾರ್ತೆ ಮತ್ತು ಕ್ರೈಸ್ತ ದೃಷ್ಟಿ

ಒಬ್ಬರ ಸಾವಿನ ಸುದ್ದಿ ತಿಳಿದಾಗ ಕ್ರೈಸ್ತ ವಿಶ್ವಾಸಿಯು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಬೈಬಲ್ಲಿನ ಪ್ರಸಂಗಗಳು, ಧರ್ಮಸಭೆಯ ವಿಧಿಗಳು ಮತ್ತು ಸ್ಥಳೀಯ ರೂಢಿಗಳು ಆಧಾರವಾಗಿವೆ. ಮೃತರ ಕುರಿತು ತೀರ್ಪು ನೀಡದಿರುವುದು, ದುಃಖಿತರ ಜೊತೆಗಿರುವುದು ಮತ್ತು ಪುನರುತ್ಥಾನದ ನಿರೀಕ್ಷೆಯನ್ನು ಬಿಡದಿರುವುದು ಇದರ ಸಾರ. ಕರ್ನಾಟಕದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಕ್ರೈಸ್ತರು ಬಹುಸಂಖ್ಯಾತ ಹಿಂದೂ ನೆರೆಹೊರೆಯ ನಡುವೆ ಈ ಆಚಾರಗಳನ್ನು ಪಾಲಿಸುತ್ತಾರೆ.

ಬೈಬಲ್ಲಿನ ಆಧಾರಗಳು

ಮರಣವಾರ್ತೆಯನ್ನು ಕೇಳಿದವರ ಹಲವು ಪ್ರಸಂಗಗಳು ಬೈಬಲ್ಲಿನಲ್ಲಿವೆ. ಒಂದೇ ದಿನ ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡ ಯೋಬನು ಬಟ್ಟೆ ಹರಿದುಕೊಂಡು ನೆಲಕ್ಕೆ ಬಿದ್ದು ದೇವರಿಗೆ ನಮಿಸುತ್ತಾನೆ. ಅವನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಬಳಿ ಕುಳಿತಿರುತ್ತಾರೆ. ಆ ಬಳಿಕ ಅವರು ಮಾತಿಗಿಳಿದು, ಯೋಬನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ವಾದಿಸುತ್ತಾರೆ. ಗ್ರಂಥದ ಕೊನೆಯಲ್ಲಿ ದೇವರು ಖಂಡಿಸುವುದು ಆ ಮಾತುಗಳನ್ನೇ ಹೊರತು ಮೊದಲಿನ ಮೌನವನ್ನಲ್ಲ.

ಸಮುವೇಲನ ಎರಡನೆಯ ಗ್ರಂಥದಲ್ಲಿ, ತನ್ನನ್ನು ಕೊಲ್ಲಲು ಯತ್ನಿಸಿದ್ದ ಸೌಲನ ಸಾವಿನ ಸುದ್ದಿ ಬಂದಾಗ ದಾವೀದನು ಸಂತೋಷಪಡುವುದಿಲ್ಲ. ಉಪವಾಸವಿದ್ದು ಅಳುತ್ತಾನೆ, ಶೋಕಗೀತೆ ಹಾಡುತ್ತಾನೆ. ಶತ್ರುವಿನ ಮರಣದಲ್ಲಿ ಹಿಗ್ಗಬಾರದೆಂಬ ಬೋಧನೆಗೆ ಇದನ್ನು ನಿದರ್ಶನವಾಗಿ ಕೊಡುವುದುಂಟು.

ಹೊಸ ಒಡಂಬಡಿಕೆಯಲ್ಲಿ ಸ್ನಾನಿಕ ಯೋಹಾನನ ಕೊಲೆಯ ಸುದ್ದಿ ಕೇಳಿದ ಯೇಸು ದೋಣಿಯೇರಿ ಏಕಾಂತ ಸ್ಥಳಕ್ಕೆ ಹೋಗುತ್ತಾರೆ (ಮತ್ತಾಯ 14). ಲಾಜರನು ತೀರಿಹೋದಾಗ ಅವನ ಸಹೋದರಿ ಮಾರ್ಥಳು, ತಾವು ಇಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ಯೇಸುವಿನ ಮುಂದೆ ದೂರುತ್ತಾಳೆ. ಯೇಸು ಆಕೆಯನ್ನು ಗದರಿಸುವುದಿಲ್ಲ. ಅವನನ್ನು ಬದುಕಿಸುವ ಮೊದಲು ತಾವೂ ಕಣ್ಣೀರಿಡುತ್ತಾರೆ (ಯೋಹಾನ 11). ಆದ್ದರಿಂದ ಅಳುವುದು ಅವಿಶ್ವಾಸದ ಲಕ್ಷಣವಲ್ಲ ಎಂಬುದು ಕ್ರೈಸ್ತ ಸಂಪ್ರದಾಯದ ನಿಲುವು. ಸಂತ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿಯೂ ಶೋಕವನ್ನು ನಿಷೇಧಿಸುವುದಿಲ್ಲ. ನಿರೀಕ್ಷೆಯಿಲ್ಲದವರಂತೆ ಶೋಕಿಸಬಾರದೆಂದು ತಿಳಿಸುತ್ತಾನೆ.

ತೀರ್ಪಿನ ಪ್ರಶ್ನೆ

ಅಪಘಾತ ಅಥವಾ ಅಕಾಲ ಮರಣದ ಸುದ್ದಿ ಬಂದಾಗ "ಯಾವ ಪಾಪಕ್ಕೆ ಈ ಶಿಕ್ಷೆ?" ಎಂಬ ಮಾತು ಏಳುವುದು ಸಾಮಾನ್ಯ. ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಈ ಪ್ರಶ್ನೆಗೆ ನೇರ ಉತ್ತರವಿದೆ. ಪಿಲಾತನು ಕೊಲ್ಲಿಸಿದ ಗಲಿಲೇಯದವರ ಸುದ್ದಿಯನ್ನು ಜನರು ಯೇಸುವಿಗೆ ತಿಳಿಸುತ್ತಾರೆ. ಸಿಲೋವಾಮಿನ ಗೋಪುರ ಕುಸಿದು ಸತ್ತ 18 ಮಂದಿಯನ್ನು ಯೇಸುವೇ ಪ್ರಸ್ತಾಪಿಸಿ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲವೆಂದು ಹೇಳುತ್ತಾರೆ. ಕೇಳುಗರು ಸತ್ತವರ ಬದುಕನ್ನು ಅಳೆಯದೆ ತಮ್ಮ ಬದುಕನ್ನು ತಿದ್ದಿಕೊಳ್ಳಬೇಕೆಂಬುದು ಅಲ್ಲಿನ ಬೋಧನೆ.

ಆತ್ಮಹತ್ಯೆಯ ವಿಷಯದಲ್ಲಿ ಈ ಬೋಧನೆಗೆ ವಿಶೇಷ ಮಹತ್ವವುಂಟು. ಹಿಂದೆ ಕಥೋಲಿಕ ಧರ್ಮಸಭೆಯು ಉದ್ದೇಶಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಅಂತ್ಯವಿಧಿಯನ್ನು ನಿರಾಕರಿಸುತ್ತಿತ್ತು. 1983ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿ ಆ ನಿಷೇಧವಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಆತ್ಮಹತ್ಯೆಯನ್ನು ತಪ್ಪೆಂದೇ ಪರಿಗಣಿಸುತ್ತದೆ. ಆದರೆ ತೀವ್ರ ಮನೋವ್ಯಥೆ ಅಥವಾ ಭಯವು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲದೆಂದು ಒಪ್ಪುತ್ತದೆ. ಅಂಥವರ ನಿತ್ಯ ರಕ್ಷಣೆಯ ಬಗ್ಗೆ ನಿರಾಶೆ ಸಲ್ಲದೆಂದೂ ತಿಳಿಸುತ್ತದೆ.

ಕಥೋಲಿಕ ಮತ್ತು ಪ್ರೊಟೆಸ್ಟಂಟ್ ಪದ್ಧತಿಗಳು

ಕಥೋಲಿಕರು ಮೃತರ ಆತ್ಮಕ್ಕಾಗಿ ಪ್ರಾರ್ಥಿಸುತ್ತಾರೆ. ಸುದ್ದಿ ತಿಳಿದಾಗ ಶಿಲುಬೆಯ ಗುರುತು ಮಾಡಿ ನಿತ್ಯ ವಿಶ್ರಾಂತಿಯನ್ನು ಬೇಡುವುದು, ಸಾವಿನ ಮನೆಯಲ್ಲಿ ಜಪಸರ ಹೇಳುವುದು, 3, 7 ಮತ್ತು 30ನೇ ದಿನಗಳಲ್ಲಿ ಹಾಗೂ ವಾರ್ಷಿಕ ದಿನದಂದು ಪೂಜೆ ಒಪ್ಪಿಸುವುದು ಸಾಂಪ್ರದಾಯಿಕ ಕ್ರಮ. ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಅಂದು ಸಮಾಧಿಗಳನ್ನು ಶುಚಿಗೊಳಿಸಿ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ.

ಪ್ರೊಟೆಸ್ಟಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಮೃತರಿಗಾಗಿ ಪ್ರಾರ್ಥಿಸುವ ರೂಢಿಯಿಲ್ಲ. ಅಲ್ಲಿ ಮೃತರ ಜೀವನಕ್ಕಾಗಿ ಕೃತಜ್ಞತೆ ಸಲ್ಲಿಸಿ, ಕುಟುಂಬದವರಿಗೆ ಸಾಂತ್ವನ ಕೋರುತ್ತಾರೆ. "ಕರ್ತನಲ್ಲಿ ನಿದ್ರೆಹೋದರು" ಎಂಬ ಮಾತು ಎಚ್ಚರಗೊಳ್ಳುವ ನಿರೀಕ್ಷೆಯನ್ನು ಸೂಚಿಸುತ್ತದೆ.

ರಾಮನಗರ ಸೀಮೆಯಲ್ಲಿ

ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಇಲ್ಲಿಯ ಕಥೋಲಿಕರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದಾರೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯು ಕನ್ನಡ ಕಥೋಲಿಕರು ಬಹುಸಂಖ್ಯೆಯಲ್ಲಿರುವ ಗ್ರಾಮ. ಇದರ ಸಮೀಪದ ಕಪಾಲಬೆಟ್ಟದ ಹೆಸರು ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾವನ್ನು ನೆನಪಿಸುತ್ತದೆ. 'ಗೊಲ್ಗೊಥಾ' ಎಂದರೆ ಕಪಾಲ ಸ್ಥಳ.

ಕನ್ನಡ ಕ್ರೈಸ್ತರು ನೆರೆಯವರೊಂದಿಗೆ 'ದೈವಾಧೀನರಾದರು' ಎಂಬ ಮಾತನ್ನೂ ಹಂಚಿಕೊಂಡಿದ್ದಾರೆ. ಆದರೆ ಸಾವಿನಿಂದ ಮೈಲಿಗೆ ಉಂಟಾಗುತ್ತದೆಂಬ ಸೂತಕದ ಕಲ್ಪನೆಗೆ ಕ್ರೈಸ್ತ ಬೋಧನೆಯಲ್ಲಿ ಸ್ಥಾನವಿಲ್ಲ. ಆದ್ದರಿಂದ ಶವದ ದರ್ಶನಕ್ಕೆ, ಸಾವಿನ ಮನೆಯವರೊಡನೆ ಊಟಕ್ಕೆ ಅಥವಾ ದೇವಾಲಯ ಪ್ರವೇಶಕ್ಕೆ ಧಾರ್ಮಿಕ ಅಡ್ಡಿಯಿಲ್ಲ.

ಸಾಂತ್ವನದ ಮಾತು

ಈಗ ಮರಣವಾರ್ತೆಯು ಹೆಚ್ಚಾಗಿ ಮೊಬೈಲ್ ಮೂಲಕ ತಲುಪುತ್ತದೆ. ಉತ್ತರವಾಗಿ ಕಳುಹಿಸುವ 'ಆರ್‌ಐಪಿ' ಎಂಬುದು 'ಶಾಂತಿಯಿಂದ ವಿಶ್ರಮಿಸಲಿ' ಎಂಬ ಲ್ಯಾಟಿನ್ ಪ್ರಾರ್ಥನೆಗೂ ಸಲ್ಲುವ ಸಂಕ್ಷೇಪ. ಆದರೆ ಅಳುವವರೊಂದಿಗೆ ಅಳಬೇಕೆಂಬ ಪೌಲನ ಉಪದೇಶವು (ರೋಮನರಿಗೆ 12) ಸಂದೇಶಕ್ಕಿಂತ ಹೆಚ್ಚಿನದನ್ನು ಕೇಳುತ್ತದೆ. 'ಎಲ್ಲವೂ ದೇವರ ಚಿತ್ತ' ಎಂಬ ಮಾತು ನಂಬಿಕೆಯಿಂದ ಬಂದುದಾದರೂ, ಮಗುವನ್ನು ಕಳೆದುಕೊಂಡ ತಾಯಿಗೆ ಆ ಗಳಿಗೆಯಲ್ಲಿ ದೇವರೇ ಕೊಂದನೆಂಬಂತೆ ಕೇಳಿಸಬಹುದು. ಮನೆಗೆ ಹೋಗಿ ಕುಳಿತುಕೊಳ್ಳುವುದು, ಅಡುಗೆ ಮಾಡಿ ಕೊಡುವುದು, ಹೂಳುವ ಏರ್ಪಾಡಿಗೆ ನೆರವಾಗುವುದು, ತಿಂಗಳು ಕಳೆದ ಮೇಲೂ ವಿಚಾರಿಸುವುದು ಆ ಉಪದೇಶದ ಆಚರಣೆಗಳು. ಕಥೋಲಿಕರ ಏಳು ದೈಹಿಕ ಕರುಣಾಕಾರ್ಯಗಳಲ್ಲಿ ಮೃತರನ್ನು ಹೂಳುವುದೂ, ಏಳು ಆತ್ಮಿಕ ಕರುಣಾಕಾರ್ಯಗಳಲ್ಲಿ ದುಃಖಿತರನ್ನು ಸಂತೈಸುವುದೂ ಸೇರಿವೆ.