ಶೇಂಗಾ ಹಾಲು: ನಾವು ಮರೆತ ಒಂದು ಇತಿಹಾಸ



ಹೊಳಲು, ಹಡಗಲಿ, ಕೊಟ್ಟೂರು, ಕೂಡ್ಲಿಗಿ ಸೀಮೆಯವರಿಗೆ ಶೇಂಗಾದ ಪರಿಚಯ ಮಾಡಿಕೊಡಬೇಕಾಗಿಲ್ಲ. ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಹಬ್ಬಕ್ಕೆ ಶೇಂಗಾ ಹೋಳಿಗೆ ನಮ್ಮ ಮನೆಗಳಲ್ಲಿ ಇದ್ದದ್ದೇ. ಆದರೆ ಇದೇ ಶೇಂಗಾದಿಂದ ಹಾಲನ್ನೂ ಮೊಸರನ್ನೂ ಮಾಡಬಹುದೆಂದು ನಮ್ಮ ರಾಜ್ಯದ ವಿಜ್ಞಾನಿಗಳು ಎಪ್ಪತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದರೆಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಇಂದು ದೊಡ್ಡ ನಗರಗಳ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ‘ವೀಗನ್’ ಹಾಲು, ‘ವೀಗನ್’ ಮಾಂಸಗಳ ಹಿಂದೆ ಬಡವರ ಹಸಿವಿನ ಕಥೆಯೊಂದಿದೆ. ಆ ಕಥೆಯನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಹಾಲಿಗೆ, ಮಾಂಸಕ್ಕೆ ಬದಲಿ ಹುಡುಕುವುದು ಇಂದಿನ ಹವ್ಯಾಸವಲ್ಲ. ಸೋಯಾ ಹಾಲನ್ನು ಒಡೆಸಿ ಮಾಡುವ ತೋಫು ಚೀನಾದಲ್ಲಿ ಸಾವಿರ ವರ್ಷಗಳ ಹಿಂದೆಯೇ ಬಳಕೆಯಲ್ಲಿತ್ತು. 10ನೇ ಶತಮಾನದ ಬಾಗ್ದಾದಿನಲ್ಲಿ ಇಬ್ನ್ ಸಯ್ಯಾರ್ ಅಲ್-ವರ್ರಾಕ್ ಸಂಗ್ರಹಿಸಿದ ‘ಕಿತಾಬ್ ಅಲ್-ತಬೀಖ್’ ಎಂಬ ಪಾಕಗ್ರಂಥದಲ್ಲಿ ‘ಮುಜವ್ವರಾತ್’ ಎಂಬ ಅಡುಗೆಗಳ ವಿವರವಿದೆ. ‘ಹುಸಿ ಅಡುಗೆ’ ಎಂದು ಇದರ ಅರ್ಥ. ಮಾಂಸದ ಅಡುಗೆಯ ರೀತಿಯಲ್ಲೇ ಮಾಡಿ, ಮಾಂಸವನ್ನು ಮಾತ್ರ ಬಿಟ್ಟ ಖಾದ್ಯಗಳಿವು. ರೋಗಿಗಳಿಗೂ, ಉಪವಾಸದ ದಿನಗಳಲ್ಲಿ ಮಾಂಸ ತ್ಯಜಿಸುತ್ತಿದ್ದ ಕ್ರೈಸ್ತರಿಗೂ ಇವನ್ನು ಬಡಿಸುತ್ತಿದ್ದರು. ಊಟಕ್ಕೆ ಕುಳಿತವರಲ್ಲಿ ಯಾರೂ ಹಸಿದು ಏಳಬಾರದೆಂಬ ವಿವೇಕ ಅಂದಿನ ಅಡುಗೆಯವರಿಗಿತ್ತು.

ಇನ್ನು ನಮ್ಮ ನಾಡಿಗೆ ಬರೋಣ. 1943ರಲ್ಲಿ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ‘ವೀಗನ್’ ಎಂಬ ಪದವನ್ನು ರೂಪಿಸಿದ್ದು ಅದರ ಮರುವರ್ಷ, 1944ರಲ್ಲಿ. ಅಲ್ಲಿ ಪ್ರಶ್ನೆ ಪ್ರಾಣಿದಯೆಯದು; ಇಲ್ಲಿ ಪ್ರಶ್ನೆ ಮಕ್ಕಳ ಪ್ರಾಣದ್ದು. ಆ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ವಿ. ಸುಬ್ರಹ್ಮಣ್ಯನ್ ಮತ್ತು ಸಹೋದ್ಯೋಗಿಗಳು ಸೋಯಾ ಹಾಲಿನ ಪೌಷ್ಟಿಕತೆಯ ಬಗ್ಗೆ ಸಂಶೋಧನೆ ನಡೆಸಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದಾಗ ಅವರೇ ಅದರ ಮೊದಲ ನಿರ್ದೇಶಕರಾದರು.

ಅವರ ಲೆಕ್ಕಾಚಾರ ಸರಳವಾಗಿತ್ತು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಆ ಪ್ರೋಟೀನ್ ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ದನಕರುಗಳ ಪಾಲಾಗುತ್ತದೆ. ರೈತನ ಮಗು ಮಾತ್ರ ಪ್ರೋಟೀನ್ ಕೊರತೆಯಿಂದ ಸೊರಗುತ್ತದೆ. ಇದನ್ನು ತಪ್ಪಿಸಲು ಶೇಂಗಾ ಹಾಲು, ಅದರ ಮೊಸರು ತಯಾರಾದವು. ಶುದ್ಧೀಕರಿಸಿದ ಶೇಂಗಾ ಹಿಟ್ಟು 75 ಭಾಗ, ಕಡಲೆ ಹಿಟ್ಟು 25 ಭಾಗ ಬೆರೆಸಿ, ಜೀವಸತ್ವ ಮತ್ತು ಸುಣ್ಣದ ಅಂಶ ಸೇರಿಸಿದ ‘ಬಹೂಪಯೋಗಿ ಆಹಾರ’ವೂ ಸಿದ್ಧವಾಯಿತು. 1960ರ ದಶಕದಲ್ಲಿ, ಎಚ್.ಎ.ಬಿ. ಪಾರ್ಪಿಯಾ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ‘ಮಿಲ್ಟೋನ್’ ಬಂತು. ಶೇಂಗಾ ಪ್ರೋಟೀನನ್ನು ಎಮ್ಮೆಯ ಹಾಲಿಗೆ ಬೆರೆಸಿ, ಇದ್ದ ಹಾಲನ್ನು ಹೆಚ್ಚು ಮಕ್ಕಳಿಗೆ ಒದಗಿಸುವ ಉಪಾಯ ಅದು. ಪೂರ್ತಿ ಸಸ್ಯಜನ್ಯವಲ್ಲದಿದ್ದರೂ ಅದರ ಬೆನ್ನೆಲುಬು ಶೇಂಗಾವೇ.

ಹಾಗಾದರೆ ಇದೆಲ್ಲ ಏಕೆ ಮರೆಯಾಯಿತು? 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನಿಂದ ಹುಟ್ಟಿದ ‘ಅಫ್ಲಾಟಾಕ್ಸಿನ್’ ವಿಷ ಪತ್ತೆಯಾಯಿತು. ಅಲ್ಲಿಂದಾಚೆಗೆ ಶೇಂಗಾ ಆಹಾರಕ್ಕೆಲ್ಲ ಕಟ್ಟುನಿಟ್ಟಿನ ಪರೀಕ್ಷೆ ಅನಿವಾರ್ಯವಾಯಿತು. ಇತ್ತ 1970ರಲ್ಲಿ ‘ಆಪರೇಷನ್ ಫ್ಲಡ್’ ಆರಂಭವಾಗಿ ಹಾಲಿನ ಉತ್ಪಾದನೆ ಏರತೊಡಗಿತು. ಶೇಂಗಾ ಹಾಲು ಹಿಂದೆ ಸರಿಯಿತು. ಬದಲಿಯಾಗಿ ಊರೂರಿಗೆ ತಲುಪಿದ್ದು ಸೋಯಾ ಉಂಡೆ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಶಾಖ, ಒತ್ತಡಗಳಿಂದ ನಾರುನಾರಾಗಿಸಿ ಮಾಡುವ, ಅರ್ಧದಷ್ಟು ಪ್ರೋಟೀನೇ ಇರುವ ಈ ಪದಾರ್ಥವನ್ನು ನಾವು ಕಿರಾಣಿ ಅಂಗಡಿಯಲ್ಲಿ ‘ಮೀಲ್ ಮೇಕರ್’ ಎಂದು ಕೇಳಿ ತರುತ್ತೇವೆ.

ಇವನ್ನು ರುಚಿಯಾಗಿ ಮಾಡುವುದೂ ಒಂದು ವಿದ್ಯೆ. ಮೀಲ್ ಮೇಕರನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಹಿಂಡಿ, ಶುಂಠಿ-ಬೆಳ್ಳುಳ್ಳಿ, ಖಾರ, ಪುದೀನದ ಮಸಾಲೆ ಹಚ್ಚಿ ಅರ್ಧ ಗಂಟೆ ಬಿಡಿ. ಹಿಂಡದಿದ್ದರೆ ಮಸಾಲೆ ಒಳಗೆ ಇಳಿಯುವುದಿಲ್ಲ. ಆಮೇಲೆ ಬಿರಿಯಾನಿಯೋ ಪಲ್ಯವೋ ಮಾಡಿರಿ. ಶೇಂಗಾ ಹಾಲಿಗೆ ಒಂದು ಲೋಟ ಹಸಿ ಶೇಂಗಾವನ್ನು ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ನಾಲ್ಕು ಲೋಟ ನೀರಿನೊಂದಿಗೆ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ, ತಳ ಹಿಡಿಯದಂತೆ ತಿರುವುತ್ತಾ ಕುದಿಸಿರಿ. ಏಲಕ್ಕಿ, ಬೆಲ್ಲ ಸೇರಿಸಿದರೆ ಹಸಿ ವಾಸನೆ ತಗ್ಗುತ್ತದೆ. ಬೂಷ್ಟು ಹಿಡಿದ, ಮುದುಡಿದ, ಬಣ್ಣಗೆಟ್ಟ ಕಾಳುಗಳನ್ನು ಮಾತ್ರ ಮುಲಾಜಿಲ್ಲದೆ ಎಸೆಯಿರಿ. ಶೇಂಗಾ ಒಗ್ಗದವರು ಇದರಿಂದ ದೂರವಿರಬೇಕು. ಇದರಲ್ಲಿ ಸುಣ್ಣದ ಅಂಶ ಕಡಿಮೆ, ಬಿ-12 ಜೀವಸತ್ವ ಇಲ್ಲವೇ ಇಲ್ಲ; ಆದ್ದರಿಂದ ಹಸುಗೂಸುಗಳಿಗೆ ಇದು ಹಾಲಿನ ಬದಲಿಯಲ್ಲ.

2022ರಲ್ಲಿ ಭಾರತ ಸರ್ಕಾರ ವೀಗನ್ ಆಹಾರಕ್ಕೆಂದೇ ನಿಯಮಾವಳಿ ರೂಪಿಸಿತು. ಇದೊಂದು ಹೊಸ ಉದ್ಯಮವಾಗಿ ಬೆಳೆಯುತ್ತಿದೆ. ನಮ್ಮ ಹೊಲದ ಶೇಂಗಾ ಚೀಲದಲ್ಲಿ ಹೊರಗೆ ಹೋಗಿ, ಬಾಟಲಿಯ ಹಾಲಾಗಿ ದುಬಾರಿ ಬೆಲೆಗೆ ಮರಳಿ ಬರಬೇಕೇ? ಅಥವಾ ನಮ್ಮ ಹುಡುಗ ಹುಡುಗಿಯರೇ ಆಹಾರ ವಿಜ್ಞಾನ ಕಲಿತು, ಇಲ್ಲೇ ಅದನ್ನು ಶುದ್ಧವಾಗಿ, ಅಗ್ಗವಾಗಿ ತಯಾರಿಸಬೇಕೇ? ಹತ್ತನೇ ತರಗತಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ವಿದ್ಯಾರ್ಥಿಗಳು ಈ ದಾರಿಯನ್ನೂ ಒಮ್ಮೆ ನೋಡಲಿ. ಮೈಸೂರಿನ ಆ ಸಂಶೋಧನಾಲಯ ಇಂದಿಗೂ ತೆರೆದಿದೆ, ಹೊಳಲಿನ ಹೊಲಗಳಲ್ಲಿ ಶೇಂಗಾ ಇಂದಿಗೂ ಬೆಳೆಯುತ್ತಿದೆ. ಇವೆರಡನ್ನೂ ಕೂಡಿಸುವ ಕೆಲಸ ನಿಮ್ಮದು.